ರೇಲ್ವೆ ಹಾದಿಯ ನಕಾಶೆಯೂ ಲೀಲಾವತಿಯ ಶರವೂ

ಕಳೆದ ದೀಪಾವಳಿಯ ಸೂಟಿಯಲ್ಲಿ ಬಬಲೇಶ್ವರದಲ್ಲಿರುವ ನನ್ನ ಮಗಳ ಮಗನು ವಿಜಯಪುರದ ನಮ್ಮ ಮನೆಗೆ ಬಂದಿದ್ದನು. ಹನ್ನೆರಡು ವರ್ಷದ ಹುಡುಗ. ನನ್ನ ಅಳಿಯಂದಿರು ಅವನಿಗೆ ಪುಣೆಯಿಂದ ಆಟದ ರೇಲ್ವೆಯ ಪೆಟ್ಟಿಗೆಯೊಂದನ್ನು ತಂದುಕೊಟ್ಟಿದ್ದರು. ಆ ಪೆಟ್ಟಿಗೆಯಲ್ಲಿದ್ದ ಹಳಿಗಳನ್ನು ಜೋಡಿಸಿದರೆ ಒಂದು ವರ್ತುಲವಾಗುವದು, ಬಂಡಿಯು ಸುತ್ತುವದು, ಅಷ್ಟೇ. ಹುಡುಗನಿಗೆ ಅದು ಎರಡು ದಿನಕ್ಕೆ ಬೇಸರ ಬಂದಿತು. ಮೂರನೆಯ ದಿನ ಅವನು ಒಂದು ಹಾಳೆಯ ಮೇಲೆ ಸ್ಟೇಶನ್ನಿನ ನಕಾಶೆಯನ್ನು ಬರೆದು ನನ್ನ ಮುಂದೆ ಹಿಡಿದು, “ಅಜ್ಜಾ, ನೀವು ಸಣ್ಣವರಿದ್ದಾಗ ನಮ್ಮ ಸ್ಟೇಶನ್ ಹೆಂಗಿತ್ತು? ಹಂಗ ಮಾಡೂಣು” ಎಂದನು.

ಮೂವತ್ತುನಾಲ್ಕು ವರ್ಷ ತಿಕೋಟೆ ಬಬಲೇಶ್ವರಗಳ ಶಾಲೆಗಳಲ್ಲಿ ಮಕ್ಕಳಿಗೆ ಸಂಸ್ಕೃತವನ್ನೂ, ಮಾಸ್ತರರ ಕೊರತೆಯಾದಾಗ ಗಣಿತವನ್ನೂ ಹೇಳಿಕೊಟ್ಟವನು ನಾನು. ಈಗ ತಾಲೂಕುಗಳಾಗಿರುವ ಆ ಎರಡೂ ಊರುಗಳಿಗೆ ರೇಲ್ವೆ ಹಾದಿಯು ಮುಟ್ಟಿಲ್ಲ. ಅಲ್ಲಿಯ ಮಕ್ಕಳಲ್ಲಿ ಅನೇಕರು ರೇಲ್ವೆಯನ್ನು ಮೊದಲು ಕಂಡದ್ದು ಪುಸ್ತಕದ ಚಿತ್ರದಲ್ಲಿಯೇ. ಆದುದರಿಂದ ಹುಡುಗನ ಪ್ರಶ್ನೆಯು ನನಗೆ ಹೊಸದೇನಲ್ಲ. ಆದರೆ ಸೀಸಕಡ್ಡಿಯನ್ನು ಹಿಡಿದು ಕುಳಿತಾಗ ಒಂದು ವಿಚಿತ್ರವು ನನ್ನ ಅನುಭವಕ್ಕೆ ಬಂದಿತು. ಐವತ್ತು ವರ್ಷಗಳ ಹಿಂದೆ ನೂರಾರು ಸಲ ಹೋಗಿ ಬಂದ ಸ್ಟೇಶನ್ನು. ಅದರ ಹಳಿಗಳು ಎಲ್ಲಿ ಕವಲೊಡೆಯುತ್ತಿದ್ದವು, ಎಲ್ಲಿ ಕೂಡುತ್ತಿದ್ದವು ಎಂಬದನ್ನು ಬರೆಯಲು ಕೈ ಮೇಲೇಳಲೊಲ್ಲದು! ಈ ಲೇಖನವು ಆ ಸಂಕಟದಿಂದ ಹುಟ್ಟಿದ್ದು. ವಾಚಕರು ಇದನ್ನು ಮುದುಕನ ಮಕ್ಕಳಾಟವೆಂದು ತಳ್ಳಿಹಾಕದೆ ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ವಿನಂತಿ.

ನಮ್ಮ ಜಿಲ್ಲೆಯ ರೇಲ್ವೆ ಹಾದಿಯು ಬರದ ಕೂಸು. 1876ರಿಂದ 1878ರ ವರೆಗಿನ ಮಹಾಕ್ಷಾಮದಲ್ಲಿ ಆಗಿನ ಕಲಾದಗಿ ಜಿಲ್ಲೆಯು ಪಟ್ಟ ಪಾಡು ಹೇಳತೀರದು. ಬೇರೆ ಪ್ರಾಂತಗಳಲ್ಲಿ ಧಾನ್ಯವಿರಲಿಲ್ಲವೆಂದಲ್ಲ. ಇದ್ದ ಧಾನ್ಯವನ್ನು ಇಲ್ಲಿಗೆ ತರುವ ಉಪಾಯವಿರಲಿಲ್ಲ. ಚಕ್ಕಡಿಯನ್ನು ಎಳೆಯಬೇಕಾದ ಎತ್ತುಗಳು ಮೇವು ನೀರಿಲ್ಲದೆ ಮೊದಲೇ ಸತ್ತುಹೋಗಿದ್ದವು. ಮನುಷ್ಯನಿಗಿಂತ ಮುಂಚೆ ಎತ್ತು ಸಾಯುವದೆಂಬ ಈ ಕ್ರೂರವಾದ ಲೆಕ್ಕವನ್ನು ಕಂಡೇ ಸರಕಾರವು ಕಣ್ಣು ತೆರೆಯಿತು. 1880ರ ಕ್ಷಾಮ ಆಯೋಗವು ಕ್ಷಾಮನಿವಾರಣೆಗಾಗಿ ರೇಲ್ವೆಗಳನ್ನು ಹೆಚ್ಚಿಸಬೇಕೆಂದು ಒತ್ತಿ ಹೇಳಿತು. 1882ರಲ್ಲಿ ಸದರ್ನ್ ಮರಾಠಾ ರೇಲ್ವೆ ಕಂಪನಿಯು ಸ್ಥಾಪಿತವಾಯಿತು. 1884ರಲ್ಲಿ ಹೊಟಗಿಯಿಂದ ಗದಗದ ವರೆಗಿನ ಹಾದಿಯು ಸಂಚಾರಕ್ಕೆ ತೆರೆಯಿತು. ಮರುವರ್ಷವೇ, ಅಂದರೆ 1885ರಲ್ಲಿ, ಜಿಲ್ಲೆಯ ಮುಖ್ಯಸ್ಥಳವು ಕಲಾದಗಿಯಿಂದ ವಿಜಾಪುರಕ್ಕೆ ಬಂದಿತು. ಆದಿಲಶಾಹಿಯ ಪತನದ ತರುವಾಯ ಪಾಳುಬಿದ್ದಿದ್ದ ಊರಿಗೆ ಮತ್ತೆ ಜೀವಕಳೆ ಬಂದುದು ಈ ಎರಡು ವರ್ಷಗಳಲ್ಲಿಯೇ ಎಂದು ಹೇಳಿದರೆ ತಪ್ಪಾಗದು.

ಹಾದಿಯು ಮೀಟರ್‌ಗೇಜಿನದು, ಎರಡು ಹಳಿಗಳ ನಡುವಣ ಅಂತರ ಒಂದು ಮೀಟರು, ಅಂದರೆ 3 ಅಡಿ 3 3/8 ಅಂಗುಲ. ಈ ಅಳತೆಯು ನಮ್ಮ ದೇಶಕ್ಕೆ ಬಂದ ಕಥೆಯೂ ಕೌತುಕದ್ದೇ. ದೊಡ್ಡ ಹಾದಿಯ ಅಂತರ 5 ಅಡಿ 6 ಅಂಗುಲ. ಅದಕ್ಕೆ ಖರ್ಚು ಬಹಳ. 1870ರಲ್ಲಿ ಲಾರ್ಡ್ ಮೇಯೋನ ಕಾಲದಲ್ಲಿ ಕಡಿಮೆ ಖರ್ಚಿನ ಸಣ್ಣ ಹಾದಿಯನ್ನು ಗೊತ್ತುಪಡಿಸುವಾಗ, ಇನ್ನೇನು ಈ ದೇಶದಲ್ಲಿ ಮೀಟರಿನ ಅಳತೆಯೇ ಜಾರಿಗೆ ಬರುವದೆಂದು ನಂಬಿ ಒಂದು ಮೀಟರನ್ನು ಹಿಡಿದರು. ಮೀಟರಿನ ಅಳತೆಯು ಬಂದುದು ಸ್ವಾತಂತ್ರ್ಯದ ನಂತರ! ಹೀಗೆ ಎಂಬತ್ತು ತೊಂಬತ್ತು ವರ್ಷಗಳ ಕಾಲ ಅಡಿ ಅಂಗುಲಗಳ ರಾಜ್ಯದಲ್ಲಿ ಮೀಟರೊಂದು ಒಂಟಿಯಾಗಿ ನೆಲದ ಮೇಲೆ ಮಲಗಿತ್ತು.

ಭೀಮೆ, ಡೋಣಿ, ಕೃಷ್ಣೆ, ಮಲಪ್ರಭೆಗಳನ್ನು ದಾಟಿ ಹೋಗುವ ಆ ಹಾದಿಯನ್ನು ನೆಲದ ಮೇಲೆ ಹಾಕುವದಕ್ಕಿಂತ ಮೊದಲು ಯಾರೋ ಕಾಗದದ ಮೇಲೆ ಹಾಕಿದ್ದರಷ್ಟೆ? ಕಪ್ಪು ಮಸಿ, ಗೆರೆ ಎಳೆಯುವ ಲೇಖನಿ, ಮೇಣದ ಬಟ್ಟೆ, ಕೈವಾರ. ಇವೇ ಆಗಿನ ಸಾಧನಗಳು. ಹಾದಿಯು ಮೇಲಿನಿಂದ ಕಾಣುವಂತೆ ಒಂದು ನಕಾಶೆ. ನೆಲದ ಏರಿಳಿತವು ಕಾಣುವಂತೆ ಇನ್ನೊಂದು ಉದ್ದಛೇದ. ಇದರಲ್ಲಿ ಎತ್ತರದ ಪ್ರಮಾಣವನ್ನು ಬೇಕೆಂದೇ ಹಿಗ್ಗಿಸಿರುವರು, ಇಲ್ಲವಾದರೆ ನಮ್ಮ ಎರೆಯ ಸೀಮೆಯ ಏರಿಳಿತಗಳು ಕಣ್ಣಿಗೆ ಬೀಳಲಾರವು. ಇವುಗಳಲ್ಲದೆ ಒಂದೊಂದು ಸ್ಟೇಶನ್ನಿಗೂ ಒಂದೊಂದು ಯಾರ್ಡಿನ ನಕಾಶೆ. ಇವನ್ನು ಬರೆದ ಕೈಗಳ ಹೆಸರುಗಳು ಸಾಮಾನ್ಯವಾಗಿ ಎಲ್ಲಿಯೂ ಉಳಿಯುವದಿಲ್ಲ. ಇದು ನಮ್ಮೂರಿಗೆ ಹೊಸದಲ್ಲ. 1859ರಲ್ಲಿ ಲಂಡನ್ನಿನಲ್ಲಿ ವಿಜಾಪುರದ ಕಟ್ಟಡಗಳ ನಕಾಶೆಗಳ ಹಿರಿದಾದ ಗ್ರಂಥವೊಂದು ಅಚ್ಚಾಯಿತು. ಅದರಲ್ಲಿ ಕ್ಯಾಪ್ಟನ್ ಹಾರ್ಟ್‌ನ ಹೆಸರಿದೆ, ಅವನಿಗೆ ನೆರವಾದ ಕಮಿಂಗ್‌ನ ಹೆಸರಿದೆ, ಪೀಠಿಕೆ ಬರೆದ ಫರ್ಗ್ಯುಸನ್‌ನ ಹೆಸರಿದೆ. ಉಳಿದವರು ‘ದೇಶೀಯ ನಕಾಶೆಗಾರರು’ ಎಂಬ ಎರಡು ಶಬ್ದಗಳಲ್ಲಿ ಮುಗಿದುಹೋಗಿದ್ದಾರೆ. ಗೋಳಗುಮ್ಮಟದ ಕಮಾನುಗಳು ಒಂದನ್ನೊಂದು ಕತ್ತರಿಸಿ ಎಂಟು ಮೂಲೆಯ ನಕ್ಷತ್ರವಾಗುವ ಆ ಕಠಿಣವಾದ ರಚನೆಯನ್ನು ಕಾಗದಕ್ಕೆ ಇಳಿಸುವ ಕೆಲಸದಲ್ಲಿ ಕೈಗೂಡಿಸಿದ ಅವರು ಯಾವ ಓಣಿಯವರು, ಯಾವ ಮನೆಯವರು?

ಇನ್ನು ನಮ್ಮ ಹುಡುಗನ ನಕಾಶೆಗೆ ಬರುವೆನು. ಅವನು ಬರೆದುದರಲ್ಲಿ ಒಂದು ನೇರವಾದ ಗೆರೆಯಿಂದ ನಾಲ್ಕು ಗೆರೆಗಳು ಮರದ ಟೊಂಗೆಗಳಂತೆ ಥಟ್ಟನೆ ಒಡೆದಿದ್ದವು. ಕಣ್ಣಿಗೆ ಚೆಂದವೇ. ಆದರೆ ಹಾಗೆ ಒಡೆದರೆ ಬಂಡಿಯು ಹಳಿಯ ಮೇಲೆ ನಿಲ್ಲದು. ಈ ಹವ್ಯಾಸದವರು ಜಗತ್ತಿನಲ್ಲೆಲ್ಲ ಮೊದಲು ಮಾಡುವ ತಪ್ಪು ಇದೇ: ಕೈಯಿಂದ ಬರೆಯುವಾಗ ಕವಲಿಗೆ ಸ್ಥಳವೇ ಬೇಡವೆಂಬಂತೆ ಬರೆಯುವದು. ನಮ್ಮ ರೇಲ್ವೆಯ ಯಾರ್ಡುಗಳಲ್ಲಿ ಸಾಮಾನ್ಯವಾದ ಕವಲು ‘ಎಂಟೂವರೆಗೆ ಒಂದು’. ಎಂಟೂವರೆ ಮೊಳ ಮುಂದೆ ಹೋದರೆ ಒಂದು ಮೊಳ ಪಕ್ಕಕ್ಕೆ ಸರಿಯುವದೆಂದು ಇದರ ಅರ್ಥ. ಕೋನವನ್ನು ಅಳೆದರೆ ಏಳು ಡಿಗ್ರಿಯೂ ಇಲ್ಲ. ಇದನ್ನು ಬರೆಯಲು ಕೋನಮಾಪಕವು ಬೇಕಾಗಿಲ್ಲ. ಮಕ್ಕಳ ಲೆಕ್ಕದ ಚೌಕಳಿ ಪಟ್ಟಿಯೇ ಸಾಕು. ಹದಿನೇಳು ಮನೆ ಮುಂದೆ, ಎರಡು ಮನೆ ಮೇಲೆ. ಚುಕ್ಕೆಯಿಟ್ಟು ಗೆರೆ ಎಳೆದರೆ ಮುಗಿಯಿತು. ಹುಡುಗನಿಗೆ ಇದನ್ನು ತೋರಿಸಿದಾಗ ಅವನು ಬಹಳ ಹೊತ್ತು ಆ ಗೆರೆಯನ್ನೇ ನೋಡಿ, “ಇಷ್ಟು ಸಾವಕಾಶ ತಿರಗತೈತೇನಜ್ಜಾ?” ಎಂದು ಕೇಳಿದನು.

ನಮ್ಮಲ್ಲಿದ್ದ ಹಲಗೆಯು ಎಂಟಡಿ ಉದ್ದ, ನಾಲ್ಕಡಿ ಅಗಲ. ಅಂದರೆ ಉದ್ದದಲ್ಲಿ 244 ಸೆಂಟಿಮೀಟರು. ಜೋಡು ಹಳಿಗಳ ನಡುವೆ 5 ಸೆಂಟಿಮೀಟರು ಬಿಟ್ಟರೆ, ಎಂಟೂವರೆಗೆ ಒಂದರಂತೆ ಒಂದು ಹಳಿಯಿಂದ ಪಕ್ಕದ ಹಳಿಗೆ ಸರಿಯಲು 42 1/2 ಸೆಂಟಿಮೀಟರು ಬೇಕು. ಎರಡೂ ಕೊನೆಗಳಿಗೆ ಸೇರಿ 85 ಹೋಯಿತು. ಉಳಿದ 159 ಸೆಂಟಿಮೀಟರಿನಲ್ಲಿ ಗಾಡಿಯು ನಿಲ್ಲಬೇಕು. ನಾಲ್ಕು ಟೊಂಗೆಗಳ ಕನಸು ಅಲ್ಲಿಗೇ ಎರಡಕ್ಕಿಳಿಯಿತು.

ಪ್ರಮಾಣದ ಲೆಕ್ಕವು ಇನ್ನೂ ನಿಷ್ಠುರವಾದುದು. ಈ ಆಟದಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಮಾಣವು 87ಕ್ಕೆ 1. ಪೆಟ್ಟಿಗೆಗಳಲ್ಲಿ ಬರುವ ಹಳಿಯ ಅಂತರ 16.5 ಮಿಲಿಮೀಟರು, ಅದು ಯುರೋಪಿನ 1,435 ಮಿಲಿಮೀಟರಿನ ಹಾದಿಗೆ ಸರಿ. ನಮ್ಮ ದೊಡ್ಡ ಹಾದಿಯ 1,676ನ್ನು 87ರಿಂದ ಭಾಗಿಸಿದರೆ 19 ದಾಟುವದು; ಮೀಟರ್‌ಗೇಜನ್ನು ಭಾಗಿಸಿದರೆ 11 1/2. ಹೀಗಾಗಿ ಅಳಿಯಂದಿರು ತಂದ ಹಳಿಯು ನಮ್ಮೂರು ಕಂಡ ಎರಡು ಹಾದಿಗಳಲ್ಲಿ ಯಾವದಕ್ಕೂ ಸಲ್ಲದು! ಮೀಟರ್‌ಗೇಜಿಗಾಗಿ ವಿದೇಶಗಳಲ್ಲಿ 12 ಮಿಲಿಮೀಟರಿನ ಹಳಿಗಳನ್ನು ಮಾಡುವರು. ನಾವು ನಮ್ಮ ನಕಾಶೆಯನ್ನು ಅದಕ್ಕೇ ಬರೆದೆವು; ಹಳಿಗಳು ಎಂದು ಕೊಳ್ಳಲಾದಾವೋ ಎಂಬ ವಿಚಾರವನ್ನು ಅಳಿಯಂದಿರಿಗೆ ಬಿಟ್ಟೆವು.

ಇನ್ನು ತಿರುವಿನ ವಿಷಯ. ನಮ್ಮ ರೇಲ್ವೆಯಲ್ಲಿ ತಿರುವಿನ ಕಡುಪನ್ನು ಡಿಗ್ರಿಗಳಲ್ಲಿ ಹೇಳುವರು. ನೂರು ಅಡಿಯ ಜ್ಯಾ ವೃತ್ತದ ಕೇಂದ್ರದಲ್ಲಿ ಎಷ್ಟು ಡಿಗ್ರಿಯ ಕೋನವನ್ನು ಮಾಡುವದೋ ಅಷ್ಟು ಡಿಗ್ರಿಯ ತಿರುವು ಅದು. ಒಂದು ಡಿಗ್ರಿಯ ತಿರುವಿನ ತ್ರಿಜ್ಯವು 1,750 ಮೀಟರು. ಮೀಟರ್‌ಗೇಜಿಗೆ ವಿಧಿಸಿದ ಕಡೆಯ ಮಿತಿ 16 ಡಿಗ್ರಿ. ಅದರ ತ್ರಿಜ್ಯ ಸುಮಾರು 109 ಮೀಟರು. 87ರಿಂದ ಭಾಗಿಸಿದರೆ ಒಂದೂಕಾಲು ಮೀಟರು. ಅರ್ಧ ಸುತ್ತು ಹೊರಳಲು ಎರಡೂವರೆ ಮೀಟರು ಅಗಲದ ಹಲಗೆ ಬೇಕು. ಯಾರ ಮನೆಯ ಪಡಸಾಲೆಯಲ್ಲಿ ಇಷ್ಟು ಸ್ಥಳವಿದ್ದೀತು? ಆದುದರಿಂದ 45 ಸೆಂಟಿಮೀಟರಿನ ತ್ರಿಜ್ಯಕ್ಕೆ ಒಪ್ಪಿಕೊಳ್ಳಬೇಕಾಗುವದು; ಇದು ನಿಜದಲ್ಲಿ 39 ಮೀಟರಿನ ತಿರುವಾಯಿತು. ಸುಳ್ಳು ಹೇಳಲೇಬೇಕು. ಎಲ್ಲಿ ಹೇಳಬೇಕು, ಎಲ್ಲಿ ಹೇಳಬಾರದು ಎಂಬ ವಿವೇಕದಲ್ಲಿ ಈ ಕಲೆಯ ಅರ್ಧವು ಅಡಗಿದೆ. ಸ್ಟೇಶನ್ನಿನಲ್ಲಿ ಸತ್ಯವಾಗಿರು, ಹಿಂದಿನ ಪರದೆಯ ಮರೆಯ ತಿರುವಿನಲ್ಲಿ ಬೇಕಾದಷ್ಟು ಬಾಗು ಎಂದು ಹುಡುಗನಿಗೆ ಹೇಳಿದೆನು.

ಇಲ್ಲಿಯೇ ನನಗೊಂದು ಅನಿರೀಕ್ಷಿತವಾದ ಲಾಭವಾಯಿತು. ರೇಲ್ವೆಯಲ್ಲಿ ಹಳಿ ಕಾಯುವ ಗ್ಯಾಂಗಿನ ಮೇಟಿಯಾಗಿ ನಿವೃತ್ತರಾದ ಹಿರಿಯರೊಬ್ಬರು ನಮ್ಮ ಓಣಿಯ ಆಚೆಗಿರುವರು. ನೆಲದ ಮೇಲಿನ ತಿರುವು ಎಷ್ಟು ಡಿಗ್ರಿಯದೆಂದು ಹೇಗೆ ತಿಳಿಯುವಿರೆಂದು ಅವರನ್ನು ಕೇಳಿದೆನು. ಕೇಂದ್ರವು ಯಾರದೋ ಜೋಳದ ಹೊಲದಲ್ಲಿ ಫರ್ಲಾಂಗುಗಟ್ಟಲೆ ದೂರವಿರುವದು. ಅಲ್ಲಿಗೆ ಹೋಗಿ ಅಳೆಯುವವರಾರು? ಅವರು ನಕ್ಕು, “ಮಾಸ್ತರ್ರ, ಹನ್ನೊಂದು ಮೀಟರು ಎಂಬತ್ತು ಸೆಂಟಿಮೀಟರಿನ ಸುತಳಿ ಹಿಡೀರಿ. ಎರಡೂ ತುದಿ ಹಳಿಯ ಒಳಮೈಗೆ ಹಚ್ಚಿ ಜಗ್ಗರಿ. ನಟ್ಟನಡುವ ಸುತಳಿಗೂ ಹಳಿಗೂ ಎಷ್ಟು ಸೆಂಟಿಮೀಟರು ಅಂತರ ಬಂತೋ ಅಷ್ಟ ಡಿಗ್ರಿ” ಎಂದರು.

ನಾನು ಬೆರಗಾದೆನು. ಆ ಸುತಳಿಯು ಜ್ಯಾ. ನಡುವಣ ಅಂತರವು ಶರ. ಹದಿನಾರನೆಯ ವಯಸ್ಸಿನಲ್ಲಿ ಪಾಠಶಾಲೆಯಲ್ಲಿ ಗುರುಗಳ ಮುಂದೆ ಕುಳಿತು ಲೀಲಾವತಿಯ ಕ್ಷೇತ್ರವ್ಯವಹಾರವನ್ನು ಕಂಠಪಾಠ ಮಾಡುವಾಗ, ಬಿಲ್ಲು, ಹೆದೆ, ಬಾಣ ಎಂಬ ಈ ಹೆಸರುಗಳು ಬರಿಯ ಕವಿಸಮಯವೆಂದು ತಿಳಿದಿದ್ದೆನು. ಭಾಸ್ಕರಾಚಾರ್ಯನ ವಿಧಿ ಹೀಗಿದೆ: ಅರ್ಧಜ್ಯಾವನ್ನು ವರ್ಗಮಾಡಿ ಶರದಿಂದ ಭಾಗಿಸಿ ಶರವನ್ನೇ ಕೂಡಿಸಿದರೆ ವ್ಯಾಸವು ಬರುವದು. ಅವನ ಉದಾಹರಣೆಯಲ್ಲಿ ವ್ಯಾಸ 10, ಜ್ಯಾ 6, ಶರ 1. ಮೇಟಿಯವರ ಸುತಳಿಗೆ ಇದನ್ನು ಹಚ್ಚಿ ನೋಡಿದೆನು. ಅರ್ಧಜ್ಯಾ 5.9 ಮೀಟರು, ಅದರ ವರ್ಗ 34.81, ಒಂದು ಸೆಂಟಿಮೀಟರಿನ ಶರದಿಂದ ಭಾಗಿಸಿದರೆ 3,481. ಅರ್ಧಮಾಡಿದರೆ ತ್ರಿಜ್ಯವು 1,740ಕ್ಕೆ ಸ್ವಲ್ಪ ಹೆಚ್ಚು. ಒಂದು ಡಿಗ್ರಿಯ ತಿರುವಿನ 1,750ಕ್ಕೆ ಹತ್ತೇ ಮೀಟರು ಕಡಿಮೆ. ಅಡಿ ಅಂಗುಲಗಳ ಕಾಲದಲ್ಲಿಯೂ 62 ಅಡಿಯ ಸುತಳಿಯಿಂದ ಅಂಗುಲಕ್ಕೊಂದು ಡಿಗ್ರಿ ಎಂಬ ಇದೇ ಲೆಕ್ಕವು ನಡೆದಿತ್ತು. ಮೇಟಿಯವರಿಗೆ ಲೀಲಾವತಿಯು ಗೊತ್ತಿರಲಿಲ್ಲ. ನನಗೆ ಸುತಳಿಯು ಗೊತ್ತಿರಲಿಲ್ಲ. ಇಬ್ಬರೂ ಒಂದೇ ಊರಿನಲ್ಲಿ ನಲವತ್ತು ವರ್ಷ ಬಾಳಿದೆವು.

ಭಾಸ್ಕರನು ತನ್ನ ಊರೆಂದು ಹೇಳಿಕೊಂಡ ವಿಜ್ಜಡವಿಡವು ನಮ್ಮ ವಿಜಾಪುರವೇ ಎಂದು ಕೆಲವು ವಿದ್ವಾಂಸರು ಹೇಳಿರುವರು. ಊರಿನ ಅಭಿಮಾನಕ್ಕೆ ಅದು ಪ್ರಿಯವಾದ ಮಾತು. ಆದರೆ ಅವನು ಅದನ್ನು ಸಹ್ಯಪರ್ವತದ ಬಳಿಯದೆಂದು ಹೇಳಿದ್ದಾನೆ. ಅವನ ಮೊಮ್ಮಗ ಚಾಂಗದೇವನು ಅಜ್ಜನ ಗ್ರಂಥಗಳ ಅಧ್ಯಯನಕ್ಕಾಗಿ ಮಠವನ್ನು ಸ್ಥಾಪಿಸಿದ ಶಾಸನವು ಖಾನದೇಶದ ಪಾಟಣದಲ್ಲಿದೆ. ನನ್ನ ಮಟ್ಟಿಗೆ ಶಾಸನದ ಪಕ್ಷವೇ ಬಲವಾಗಿ ತೋರುವದು. ಅಜ್ಜನ ಲೆಕ್ಕವನ್ನು ಉಳಿಸಲು ಮೊಮ್ಮಗನೊಬ್ಬನು ಮುಂದಾದನೆಂಬದೇ ಈ ಹೊತ್ತು ನನಗೆ ಹೆಚ್ಚು ಹಿತವಾದ ಸಂಗತಿ.

ಈ ಶರದ ಉಪಯೋಗವು ನಮ್ಮ ಹಲಗೆಗೂ ಆಯಿತು. ಒಂದು ಮೂಲೆಯಲ್ಲಿ ತಿರುವಿನ ಕೇಂದ್ರವು ಗೋಡೆಯೊಳಗೆ ಹೋಗುತ್ತಿತ್ತು. ಕೈವಾರವಾಗಲಿ, ಗೂಟ ಹಗ್ಗವಾಗಲಿ ಅಲ್ಲಿ ನಡೆಯದು. 30 ಸೆಂಟಿಮೀಟರಿನ ಜ್ಯಾ ಹಿಡಿದರೆ 45ರ ತ್ರಿಜ್ಯಕ್ಕೆ ಶರವು ಎರಡೂವರೆಗೆ ತುಸು ಹೆಚ್ಚು. ಮೂರು ಚುಕ್ಕೆಗಳಾದವು, ಹೀಗೆಯೇ ಮುಂದೆ ಮುಂದೆ ಸರಿದು ಇಡಿಯ ಕಂಸವನ್ನು ಬರೆದೆವು. ಕಚೇರಿಗಳ ನಕಾಶೆಗಾರರು ಇಂಥ ತಿರುವುಗಳಿಗಾಗಿ ಬೇರೆ ಬೇರೆ ತ್ರಿಜ್ಯಗಳ ಕಟ್ಟಿಗೆಯ ಕಂಸಗಳ ಸೆಟ್ಟನ್ನೇ ಇಟ್ಟುಕೊಳ್ಳುತ್ತಿದ್ದರು. ನೇರವಾದ ಹಳಿಯಿಂದ ತಿರುವಿಗೆ ಬಂಡಿಯು ಒಮ್ಮೆಲೆ ಹೊರಳಬಾರದು. ನಡುವೆ ಮೆಲ್ಲನೆ ಬಾಗುತ್ತ ಹೋಗುವ ಸಂಧಿಯೊಂದು ಬೇಕು. ಅದನ್ನು ಬರೆಯಲು ತೆಳುವಾದ ಬಿದಿರಿನ ಸೀಳನ್ನು ತೆಗೆದುಕೊಂಡು, ಒಂದು ತುದಿಯನ್ನು ನೇರಗೆರೆಗೆ ಒತ್ತಿಹಿಡಿದು, ಇನ್ನೊಂದನ್ನು ಕಂಸಕ್ಕೆ ಬಾಗಿಸಿದೆವು. ನಡುವಣ ಬಿದಿರು ತಾನೇ ದಾರಿಯನ್ನು ಕಂಡುಕೊಂಡಿತು. ತಿಕೋಟೆಯ ದ್ರಾಕ್ಷಿ ತೋಟದವರು ಸಾಲು ಹಿಡಿಯುವಾಗ ಗೂಟ ನೆಟ್ಟು ಹಗ್ಗ ಎಳೆಯುವದನ್ನು ನಾನು ವರ್ಷವರ್ಷ ನೋಡಿದ್ದೆನು. ಯಜ್ಞವೇದಿಯ ರಚನೆಯನ್ನು ಹೇಳುವ ಸೂತ್ರಗಳಿಗೆ ‘ಶುಲ್ಬ’ ಎಂದು ಹೆಸರು; ಶುಲ್ಬವೆಂದರೆ ಹಗ್ಗವೇ.

ಈ ಹವ್ಯಾಸದ ಹುಟ್ಟು ಜರ್ಮನಿಯಲ್ಲಿ ಎಂದು ಹೇಳಬಹುದು. 1891ರಲ್ಲಿ ಮೆರ್ಕ್ಲಿನ್ ಎಂಬ ಆಟಿಗೆಯ ಕಂಪನಿಯು ಲೈಪ್‌ಜಿಗ್ ಸಂತೆಯಲ್ಲಿ ಗೊತ್ತಾದ ಅಳತೆಯ ಹಳಿಗಳನ್ನು, ಎಂಟರ ಅಂಕಿಯಾಕಾರದ ಹಾದಿಯೊಡನೆ ತೋರಿಸಿತು. ಹಳಿಗಳಿಗೆ ಒಂದೇ ಅಳತೆಯಾದೊಡನೆ ನಕಾಶೆಯ ಕಲೆಯೂ ಹುಟ್ಟಿತು. ಜೋಡಿಸುವ ಮೊದಲು ಬರೆಯಬಹುದಾಯಿತು. ಅಮೇರಿಕೆಯ ಜಾನ್ ಆರ್ಮ್‌ಸ್ಟ್ರಾಂಗ್ ಎಂಬವನು 1963ರ ತನ್ನ ಗ್ರಂಥದಲ್ಲಿ, ತಿರುವಿನ ತ್ರಿಜ್ಯವನ್ನು ಆಧಾರವಾಗಿಟ್ಟು ಕೋಣೆಯನ್ನು ಚೌಕಗಳಾಗಿ ವಿಂಗಡಿಸಿ ನಕಾಶೆ ಬರೆಯುವ ಕ್ರಮವನ್ನು ಪ್ರಚುರಪಡಿಸಿದನು. ಈಗ ಇದನ್ನೆಲ್ಲ ಗಣಕಯಂತ್ರವು ಮಾಡಿಕೊಡುವದು. ನನ್ನ ಅಳಿಯಂದಿರು ಅದನ್ನೂ ತೋರಿಸಿದರು. ಅದು ತಪ್ಪನ್ನು ಮಾಡಗೊಡುವದಿಲ್ಲ. ಆದುದರಿಂದ ತಪ್ಪು ಏಕೆ ತಪ್ಪೆಂಬದನ್ನು ಹೇಳಿಕೊಡುವದೂ ಇಲ್ಲ ಎಂದು ನಾನು ಅಂದೆನು. ಅಳಿಯಂದಿರು ಮರ್ಯಾದೆಗಾಗಿ ಸುಮ್ಮನಾದರು.

ಉಳಿದದ್ದು ಮೂಲಪ್ರಶ್ನೆ: ಹಳೆಯ ಸ್ಟೇಶನ್ನು ಹೇಗಿತ್ತು? 1908ರಲ್ಲಿ ಕಂಪನಿಯು ಮದ್ರಾಸ್ ರೇಲ್ವೆಯೊಡನೆ ಕೂಡಿತು. 1951ರಲ್ಲಿ ದಕ್ಷಿಣ ರೇಲ್ವೆಯಾಯಿತು. ಕಾಲಾಂತರದಲ್ಲಿ, 2003ರಿಂದ, ನೈಋತ್ಯ ರೇಲ್ವೆಗೆ ಸೇರಿತು. ಈ ಶತಮಾನದ ಮೊದಲ ದಶಕದಲ್ಲಿ ಮೀಟರ್‌ಗೇಜಿನ ಹಳಿಗಳನ್ನು ಕಿತ್ತು ಹಂತಹಂತವಾಗಿ ದೊಡ್ಡ ಹಾದಿಯನ್ನು ಹಾಕಿದರು. ಜನರಿಗೆ ಅನುಕೂಲವೇ ಆಯಿತು. ಹೊಟಗಿಯಲ್ಲಿ ಗಂಟುಮೂಟೆ ಹೊತ್ತು ಗಾಡಿ ಬದಲಿಸುವ ತೊಂದರೆ ತಪ್ಪಿತು. ಹಳೆಯ ಯಾರ್ಡಿನ ನಕಾಶೆಯೊಂದು ಸಿಕ್ಕೀತೆಂದು ಒಂದು ಕಚೇರಿಗೆ ಎರಡು ಸಲ ಹೋದೆನು. ಹಾದಿ ಬದಲಾದಾಗಲೇ ಹಳೆಯ ಕಾಗದಗಳನ್ನು ರದ್ದಿಗೆ ಹಾಕಿದೆವೆಂದು ಅಲ್ಲಿಯವರು ಹೇಳಿದರು. ನೂರಿಪ್ಪತ್ತು ವರ್ಷಗಳ ಹಾದಿ. ಅದರ ನಕಾಶೆಯು ತೂಕಕ್ಕೆ ಹೋಯಿತು.

ಆಗ ನೆನಪಿನಿಂದಲೇ ಬರೆಯುವದೆಂದು ನಿಶ್ಚಯಿಸಿದೆವು. ಮೂವರು ಕುಳಿತೆವು: ನಿವೃತ್ತ ಪಾಯಿಂಟ್ಸ್‌ಮನ್ ಒಬ್ಬರು, ಮಾಲುಗಾಡಿಗೆ ಚೀಲ ಹೊತ್ತ ಮುದಿ ಹಮಾಲರೊಬ್ಬರು, ನಾನು. ಒಬ್ಬರದನ್ನು ಒಬ್ಬರು ನೋಡದಂತೆ ಬೇರೆ ಬೇರೆ ಹಾಳೆಗಳನ್ನು ಕೊಟ್ಟನು ಹುಡುಗ. ಪಾಯಿಂಟ್ಸ್‌ಮನ್ನರ ಹಾಳೆಯಲ್ಲಿ ಪ್ರತಿಯೊಂದು ಕವಲೂ ಇದ್ದಿತು, ಕೈಯಿಂದ ಎಳೆಯುವ ಸನ್ನೆಗಳೂ ಇದ್ದವು, ಕಟ್ಟಡಗಳೇ ಇರಲಿಲ್ಲ. ಹಮಾಲರ ಹಾಳೆಯಲ್ಲಿ ಮಾಲಿನ ಗೋದಾಮು ಅರ್ಧ ಕಾಗದವನ್ನು ಆಕ್ರಮಿಸಿತ್ತು. ಅದರ ಮುಂದಿನ ಹಳಿಯೊಂದೇ ದಪ್ಪನಾಗಿ, ಉಳಿದವು ಕೂದಲೆಳೆಯಂತೆ. ನನ್ನ ಹಾಳೆಯಲ್ಲಿ ನಳ, ಬಾಕು, ಬೇವಿನ ಗಿಡ. ಹಳಿಗಳು ಎರಡೇ, ಅವೂ ಎಲ್ಲಿಂದ ಬಂದು ಎಲ್ಲಿ ಹೋದವೋ! ಪ್ರತಿಯೊಬ್ಬನೂ ತನ್ನ ಮೈ ದುಡಿದ ಸ್ಥಳವನ್ನೇ ಬರೆದಿದ್ದನು. ಪ್ರವಾಸಿಯಾದ ನಾನು ಕಾಯ್ದು ಕುಳಿತ ಸ್ಥಳವನ್ನು ಬರೆದಿದ್ದೆನು.

ಪಾಠಶಾಲೆಯಲ್ಲಿ ಹಸ್ತಪ್ರತಿಗಳನ್ನು ಕೂಡಿಸಿ ನೋಡುವ ಕ್ರಮವನ್ನು ಗುರುಗಳು ಕಲಿಸಿದ್ದರು. ಅದನ್ನೇ ಇಲ್ಲಿ ಅನುಸರಿಸಿದೆವು. ಇಬ್ಬರು ಒಪ್ಪಿದ ಹಳಿಯನ್ನು ಮಸಿಯಿಂದ, ಒಬ್ಬರೇ ಹೇಳಿದ್ದನ್ನು ಚುಕ್ಕೆಗಳಿಂದ ಬರೆದೆವು. ಭಿನ್ನವಾದುದನ್ನು ಪಾಠಾಂತರವೆಂದು ಅಂಚಿನಲ್ಲಿ ಕಾಣಿಸಿದೆವು. ಒಂದು ಕವಲಿನ ವಿಷಯದಲ್ಲಿ ಪಾಯಿಂಟ್ಸ್‌ಮನ್ನರಿಗೂ ಹಮಾಲರಿಗೂ ಜಗಳವೇ ಹತ್ತಿತು. ಗೋದಾಮಿನ ಹಳಿಯು ಒಂದೇ ಕಡೆಗೆ ತೆರೆದಿತ್ತೆಂದು ಹಮಾಲರು. ಎರಡೂ ಕಡೆಗೆಂದು ಪಾಯಿಂಟ್ಸ್‌ಮನ್ನರು. ಚಹದ ನಂತರ ಹುಡುಗನು ಎಂಟೂವರೆಗೆ ಒಂದರ ಲೆಕ್ಕವನ್ನು ಹಾಕಿ, ಇಬ್ಬರೂ ಹೇಳಿದ ಗೋದಾಮಿನ ಉದ್ದವನ್ನು ಹಿಡಿದರೆ ಎರಡನೆಯ ಕವಲಿಗೆ ಸ್ಥಳವು ಸಾಲುವದಿಲ್ಲವೆಂದು ತೋರಿಸಿದನು. ಪಾಯಿಂಟ್ಸ್‌ಮನ್ನರು ಬಹಳ ಹೊತ್ತು ಹಾಳೆಯನ್ನು ನೋಡಿ, “ಹಂಗಾದ್ರ ಆ ಗೋದಾಮು ಅಷ್ಟು ಉದ್ದ ಇರಲಿಲ್ಲ” ಎಂದರು. ಹಮಾಲರು ಒಪ್ಪಲಿಲ್ಲ. ಆ ಕವಲನ್ನು ಚುಕ್ಕೆಗಳಲ್ಲಿಯೇ ಬಿಟ್ಟಿದ್ದೇವೆ.

ನಕಾಶೆಯ ಕೆಳಗೆ ಇಬ್ಬರು ಹಿರಿಯರ ಹೆಸರುಗಳನ್ನೂ ಹುಡುಗನು ದುಂಡಗಿನ ಅಕ್ಷರದಲ್ಲಿ ಬರೆದನು. ಹಮಾಲರು ತಮ್ಮ ಹೆಸರಿನ ಮೇಲೆ ಬೆರಳಾಡಿಸಿ ನೋಡಿದರು. ಹಾಳೆಯು ನಮ್ಮ ಮನೆಯಲ್ಲಿದೆ. ವಿಜಾಪುರ, ಮಿಂಚನಾಳ, ನಿಂಬಾಳ, ಇಂಡಿ ರೋಡ ಮೊದಲಾದ ಸ್ಟೇಶನ್ನುಗಳ ಮೀಟರ್‌ಗೇಜ್ ಕಾಲದ ಯಾರ್ಡುಗಳಲ್ಲಿ ದುಡಿದವರು ಯಾರಾದರೂ ಇದ್ದರೆ, ಓರೆಕೋರೆಯಾದರೂ ಚಿಂತೆಯಿಲ್ಲ, ತಮಗೆ ನೆನಪಿರುವಷ್ಟನ್ನು ಒಂದು ಹಾಳೆಯ ಮೇಲೆ ಬರೆದು ಸಂಘದ ಕಾರ್ಯಾಲಯಕ್ಕೆ ತಲುಪಿಸಬೇಕು. ಗೋದಾಮಿನ ಆ ಹಳಿಯನ್ನು ಕಂಡವರು ಮೊದಲು ಬರೆಯಲಿ. ಬೇಸಿಗೆಯ ಸೂಟಿಗೆ ಹುಡುಗನು ಮತ್ತೆ ಬರುವವನಿದ್ದಾನೆ.